ಒಂದು ಯಂತ್ರ, ಒಬ್ಬ ಬಾಡಿಗೆದಾರ

ಜಾಲತಾಣವೊಂದನ್ನು ಯಾರೇ, ಯಾವ ಹೊತ್ತಿನಲ್ಲೇ ತೆರೆದರೂ ಅದು ತೆರೆದುಕೊಳ್ಳಬೇಕಾದರೆ ಅದರ ಕಡತಗಳನ್ನು ಇಟ್ಟುಕೊಂಡ ಒಂದು ಕಂಪ್ಯೂಟರ್ ಎಲ್ಲಿಯೋ ಒಂದು ಕಡೆ ಹಗಲು ರಾತ್ರಿ ಚಾಲೂ ಇರಬೇಕು. ಬಂದ ಬೇಡಿಕೆಗೆ ತಕ್ಕ ಪುಟವನ್ನು ಕಳುಹಿಸಿಕೊಡುವ ಈ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಅದನ್ನು ಕೊಂಡು ಸ್ವಂತ ಕಟ್ಟಡದಲ್ಲಿ ನಡೆಸುವವರು ಕೆಲವರೇ. ಉಳಿದವರು ಬಾಡಿಗೆಗೆ ಪಡೆಯುತ್ತಾರೆ. ಒಂದೇ ಯಂತ್ರದಲ್ಲಿ ನೂರಾರು ತಾಣಗಳು ಕೂಡಿ ಇರುವ ಏರ್ಪಾಡನ್ನು ಶೇರ್ಡ್ ಹೋಸ್ಟಿಂಗ್ ಎಂದೂ, ಒಂದು ಯಂತ್ರವನ್ನು ತಂತ್ರಾಂಶದ ನೆರವಿನಿಂದ ಹಲವು ತೋರಿಕೆಯ ಯಂತ್ರಗಳಾಗಿ ವಿಭಾಗಿಸಿ ಕೊಡುವುದನ್ನು ವಿಪಿಎಸ್ ಎಂದೂ, ಇಡೀ ಯಂತ್ರವನ್ನು ಒಬ್ಬನೇ ಗ್ರಾಹಕನಿಗೆ ಬಿಟ್ಟುಕೊಡುವುದನ್ನು ಡೆಡಿಕೇಟೆಡ್ ಸರ್ವರ್ ಎಂದೂ ಈ ವ್ಯಾಪಾರದವರು ಕರೆಯುತ್ತಾರೆ. ಮೊದಲೆರಡು ವಠಾರದ ವಾಸ, ಮೂರನೆಯದು ಒಂಟಿ ಮನೆ.

ಈ ಮೂರನೆಯ ಬಗೆಯ ಬಾಡಿಗೆಯನ್ನೇ ಸಣ್ಣ ಪ್ರಮಾಣದ ಉದ್ಯಮವಾಗಿ ಆರಂಭಿಸಲು ಬಯಸುವವರಿಗೆ ಅದು ಮೇಲ್ನೋಟಕ್ಕೆ ಬಹಳ ಸರಳವಾಗಿ ಕಾಣುತ್ತದೆ: ಯಂತ್ರ ಕೊಳ್ಳುವುದು, ಅದನ್ನು ಸುರಕ್ಷಿತ ಜಾಗದಲ್ಲಿ ಇಡುವುದು, ತಿಂಗಳು ತಿಂಗಳು ಬಾಡಿಗೆ ಎಣಿಸುವುದು. ಆದರೆ ಈ ವ್ಯವಹಾರದಲ್ಲಿ ಯಂತ್ರ ಅತ್ಯಂತ ಸುಲಭವಾಗಿ ಸಿಗುವ ವಸ್ತು. ಗ್ರಾಹಕ ನಿಜವಾಗಿ ಬಾಡಿಗೆಗೆ ಪಡೆಯುವುದು ಎಡೆಬಿಡದ ವಿದ್ಯುತ್ತನ್ನು, ಕಳಂಕವಿಲ್ಲದ ಒಂದು ಅಂತರ್ಜಾಲ ವಿಳಾಸವನ್ನು ಮತ್ತು ನಡುರಾತ್ರಿಯಲ್ಲಿ ಡಿಸ್ಕ್ ಕೆಟ್ಟಾಗ ಎದ್ದು ಓಡುವ ಒಬ್ಬ ಮನುಷ್ಯನ ಜವಾಬ್ದಾರಿಯನ್ನು. ಈ ಮೂರನ್ನು ಒದಗಿಸುವ ಶಕ್ತಿ ಇದ್ದವರು ಹಳೆಯ ಯಂತ್ರಗಳಿಂದಲೂ ಲಾಭ ಗಳಿಸುತ್ತಾರೆ. ಇಲ್ಲದವರು ಹೊಚ್ಚಹೊಸ ಯಂತ್ರಗಳನ್ನು ತುಂಬಿಟ್ಟುಕೊಂಡೂ ಕೈ ಸುಟ್ಟುಕೊಳ್ಳುತ್ತಾರೆ.

ಈ ವ್ಯಾಪಾರದ ದೊಡ್ಡ ಹೆಸರುಗಳೂ ಸಣ್ಣದಾಗಿಯೇ ಆರಂಭವಾದವು. ಮಾರ್ಟಿನ್ ಹೆಟ್ಸ್ನರ್ 1997ರಲ್ಲಿ ಜರ್ಮನಿಯ ಬವೇರಿಯಾ ಪ್ರಾಂತದ ಗುನ್ಸೆನ್‌ಹೌಸೆನ್ ಎಂಬ ಚಿಕ್ಕ ಊರಿನಲ್ಲಿ ತನ್ನ ಹೆಸರಿನ ಸಂಸ್ಥೆಯನ್ನು ಕಟ್ಟಿದ. 1998ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೊ ನಗರದಲ್ಲಿ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಮಿತ್ರರು ರ‍್ಯಾಕ್‌ಸ್ಪೇಸ್ ಆರಂಭಿಸಿದರು. 1999ರಲ್ಲಿ ಪೋಲೆಂಡ್ ಮೂಲದ ಆಕ್ಟೇವ್ ಕ್ಲಾಬಾ ಉತ್ತರ ಫ್ರಾನ್ಸಿನಲ್ಲಿ ಓವಿಎಚ್ ಸಂಸ್ಥೆಯನ್ನು ಹುಟ್ಟುಹಾಕಿದ. ಮೂರೂ ಸಂಸ್ಥೆಗಳ ದಾರಿ ಬೇರೆ ಬೇರೆ. ಹೆಟ್ಸ್ನರ್ ಸಂಸ್ಥೆ ಮೇಜಿನ ಕಂಪ್ಯೂಟರಿನ ಅಗ್ಗದ ಬಿಡಿಭಾಗಗಳಿಂದಲೇ ಸರ್ವರ್ ಜೋಡಿಸಿ ಬೆಲೆಯನ್ನು ಕೆಳಗಿಳಿಸಿತು. ಓವಿಎಚ್ ಯಂತ್ರಗಳನ್ನು ತಾನೇ ತಯಾರಿಸಿಕೊಂಡದ್ದಲ್ಲದೆ 2003ರಿಂದ ಅವುಗಳನ್ನು ನೀರು ಹರಿಸಿ ತಂಪು ಮಾಡುವ ಪದ್ಧತಿಯನ್ನು ರೂಢಿಸಿ ವಿದ್ಯುತ್ ಖರ್ಚನ್ನು ಇಳಿಸಿತು. ರ‍್ಯಾಕ್‌ಸ್ಪೇಸ್ ಬೆಲೆಯನ್ನು ಇಳಿಸದೆ, ಕರೆ ಮಾಡಿದ ಗ್ರಾಹಕನ ಕೆಲಸವನ್ನು ಮುಗಿಸಿಕೊಡುವ ಸೇವೆಯನ್ನೇ ತನ್ನ ಗುರುತಾಗಿಸಿಕೊಂಡಿತು. ಅಗ್ಗದ ದಾರಿಯಲ್ಲಿ ನಡೆಯಲು ಸಾವಿರಾರು ಯಂತ್ರಗಳ ಪ್ರಮಾಣ ಬೇಕಾಗುವುದರಿಂದ, ಇಂದು ಬೆಂಗಳೂರು ಅಥವಾ ಹುಬ್ಬಳ್ಳಿಯಲ್ಲಿ ಹತ್ತು ಯಂತ್ರಗಳೊಂದಿಗೆ ಹೊರಡುವವರಿಗೆ ಉಳಿದಿರುವುದು ಸೇವೆಯ ದಾರಿ ಮಾತ್ರ. ಬೆಲೆಯಲ್ಲಿ ಹೆಟ್ಸ್ನರ್ ಜೊತೆ ಪೈಪೋಟಿಗೆ ಇಳಿಯುವ ಸಣ್ಣ ಸಂಸ್ಥೆ ತನ್ನ ಸೋಲಿನ ದಿನವನ್ನು ತಾನೇ ಗೊತ್ತುಪಡಿಸಿಕೊಂಡಂತೆ.

2006ರಲ್ಲಿ ಅಮೆಜಾನ್ ಸಂಸ್ಥೆ ಗಂಟೆಯ ಲೆಕ್ಕದಲ್ಲಿ ಗಣಕಶಕ್ತಿಯನ್ನು ಬಾಡಿಗೆಗೆ ಕೊಡಲಾರಂಭಿಸಿ ಕ್ಲೌಡ್ ಎಂಬ ಯುಗವನ್ನು ತೆರೆದ ಮೇಲೆ, ಇಡಿಯಾಗಿ ಯಂತ್ರ ಪಡೆಯುವವರು ಇನ್ನಿರಲಾರರು ಎಂಬ ಅಭಿಪ್ರಾಯ ಬಲವಾಗಿತ್ತು. ಹಾಗಾಗಲಿಲ್ಲ. ಬೇಸ್‌ಕ್ಯಾಂಪ್ ಎಂಬ ತಂತ್ರಾಂಶವನ್ನು ನಡೆಸುವ 37ಸಿಗ್ನಲ್ಸ್ ಸಂಸ್ಥೆ 2022ರಲ್ಲಿ ಕ್ಲೌಡ್‌ಗಾಗಿ ಸುಮಾರು 32 ಲಕ್ಷ ಡಾಲರ್ ತೆತ್ತ ಬಳಿಕ, ಸುಮಾರು 6 ಲಕ್ಷ ಡಾಲರ್ ಬೆಲೆಯ ಡೆಲ್ ಸರ್ವರ್‌ಗಳನ್ನು ಕೊಂಡು ತನ್ನ ಕೆಲಸವನ್ನು ಅವುಗಳಿಗೆ ವರ್ಗಾಯಿಸಿಕೊಂಡಿತು. ವರ್ಷವಿಡೀ ಒಂದೇ ಮಟ್ಟದಲ್ಲಿ ಸಾಗುವ ಕೆಲಸಕ್ಕೆ ಗಂಟೆಯ ಬಾಡಿಗೆ ದುಬಾರಿ. ಮೇಲಾಗಿ ಕ್ಲೌಡ್‌ನಿಂದ ಹೊರಹೋಗುವ ಮಾಹಿತಿಗೆ ಸಾಮಾನ್ಯವಾಗಿ ಜಿಬಿ ಲೆಕ್ಕದಲ್ಲಿ ಪ್ರತ್ಯೇಕ ಶುಲ್ಕ ಇರುವುದರಿಂದ, ವಿಡಿಯೊ ಅಥವಾ ದೊಡ್ಡ ಕಡತಗಳನ್ನು ಹಂಚುವವರ ಬಿಲ್ಲು ತಿಂಗಳಿಂದ ತಿಂಗಳಿಗೆ ಏರುಪೇರಾಗುತ್ತದೆ. ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟಿಸುವ ತಾಣಕ್ಕೆ ವರ್ಷದ ಒಂದೆರಡು ದಿನ ಲಕ್ಷಗಟ್ಟಲೆ ಮಂದಿ ಒಮ್ಮೆಗೇ ಮುಗಿಬಿದ್ದು, ಉಳಿದ ದಿನ ಯಾರೂ ಸುಳಿಯದಿದ್ದರೆ, ಅಂಥವರಿಗೆ ಕ್ಲೌಡ್ ಸರಿಯಾದ ಆಯ್ಕೆ; ಹಾಗೆಂದು ಗ್ರಾಹಕನಿಗೆ ನೇರವಾಗಿ ಹೇಳಿ ಕಳುಹಿಸುವುದು ವ್ಯಾಪಾರದ ನಷ್ಟವಲ್ಲ, ಏಕೆಂದರೆ ತಪ್ಪು ಯಂತ್ರ ಪಡೆದವನ ದೂರುಗಳಿಗೆ ಉತ್ತರಿಸುವ ಖರ್ಚು ಅವನ ಬಾಡಿಗೆಗಿಂತ ಹೆಚ್ಚು.

ಕರ್ನಾಟಕದಲ್ಲಿ ಈ ಸೇವೆಯ ಸಹಜ ಗ್ರಾಹಕರು ಯಾರು ಎಂಬುದನ್ನು ಗುರುತಿಸಲು ಬಹಳ ದೂರ ಹೋಗಬೇಕಿಲ್ಲ. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ಬೆಂಗಳೂರಿನ ಸಂಸ್ಥೆಯದೇ; ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಶಾಖೆಗಳಿರುವ ವರ್ತಕರು ಎಲ್ಲ ಶಾಖೆಗಳ ಲೆಕ್ಕವನ್ನೂ ಒಂದೇ ಕಡೆ ಇಡುವುದಕ್ಕಾಗಿ ವಿಂಡೋಸ್ ಸರ್ವರ್ ಒಂದನ್ನು ಬಾಡಿಗೆಗೆ ಪಡೆದು, ತಮ್ಮ ತಮ್ಮ ಅಂಗಡಿಯಿಂದಲೇ ದೂರದ ಆ ಯಂತ್ರದ ಪರದೆಯನ್ನು ತೆರೆದುಕೊಂಡು ಕೆಲಸ ಮಾಡುತ್ತಾರೆ. ಕಾಲೇಜುಗಳ ಪ್ರವೇಶ ಮತ್ತು ಹಾಜರಾತಿ ವ್ಯವಸ್ಥೆ, ಆಸ್ಪತ್ರೆಗಳ ರೋಗಿ ದಾಖಲೆ, ಸಹಕಾರಿ ಸಂಘಗಳ ಖಾತೆ, ಜಿಲ್ಲಾ ಮಟ್ಟದ ಸುದ್ದಿತಾಣಗಳು ಇದೇ ಸಾಲಿಗೆ ಸೇರುತ್ತವೆ. ಇವರಿಗೆ ಫ್ರಾಂಕ್‌ಫರ್ಟಿನ ಅಗ್ಗದ ಯಂತ್ರ ಹಿಡಿಸದಿರಲು ಭೌತಿಕವಾದ ಕಾರಣವೊಂದಿದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಮಾತ್ರ ಚಲಿಸುತ್ತದೆ. ಬೆಂಗಳೂರಿನಿಂದ ಏಳು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಜರ್ಮನಿಗೆ ಹೋಗಿ ಬರಲು ನೇರ ದಾರಿ ಇದ್ದರೂ 70 ಮಿಲಿಸೆಕೆಂಡಿಗೆ ಕಡಿಮೆಯಾಗದು, ಸಮುದ್ರದಡಿಯ ಕೇಬಲ್ಲುಗಳ ಸುತ್ತುದಾರಿಯಲ್ಲಿ ಅದು ಇನ್ನಷ್ಟು ಹೆಚ್ಚುತ್ತದೆ. ದೂರದ ಪರದೆಯ ಮೇಲೆ ದಿನವಿಡೀ ಅಂಕಿ ಟೈಪ್ ಮಾಡುವ ಗುಮಾಸ್ತನಿಗೆ ಈ ತಡ ಪ್ರತಿ ಕೀಲಿಯಲ್ಲೂ ತಿಳಿಯುತ್ತದೆ. ಆದರೆ ವಿಂಡೋಸ್ ಬಾಡಿಗೆಗೆ ಕೊಡುವವರು ಒಂದು ನಿಯಮವನ್ನು ಮರೆಯಬಾರದು: ಮಾರುಕಟ್ಟೆಯಲ್ಲಿ ಕೊಂಡ ಸಾಮಾನ್ಯ ಲೈಸೆನ್ಸನ್ನು ಬೇರೆಯವರಿಗೆ ಬಾಡಿಗೆಗೆ ಕೊಡಲು ಬರುವುದಿಲ್ಲ, ಅದಕ್ಕೆ ಸೇವಾ ಸಂಸ್ಥೆಗಳಿಗೆಂದೇ ಇರುವ ಎಸ್‌ಪಿಎಲ್‌ಎ ಎಂಬ ತಿಂಗಳ ಲೆಕ್ಕದ ಒಪ್ಪಂದ ಬೇಕು.

ಆರಂಭಕ್ಕೆ ಮೂರು ಮಾರ್ಗಗಳಿವೆ. ದೊಡ್ಡ ಸಂಸ್ಥೆಯ ಯಂತ್ರವನ್ನೇ ಬಾಡಿಗೆಗೆ ಪಡೆದು, ಮೇಲೆ ಸ್ವಲ್ಪ ಸೇರಿಸಿ ಮರುಬಾಡಿಗೆಗೆ ಕೊಡುವುದು ಮೊದಲನೆಯದು. ಇದರಲ್ಲಿ ಬಂಡವಾಳ ಬೇಕಿಲ್ಲ, ಆದರೆ ಯಂತ್ರ ಕೆಟ್ಟಾಗ ಮೂಲ ಸಂಸ್ಥೆಯ ಉತ್ತರಕ್ಕಾಗಿ ಗ್ರಾಹಕನ ಜೊತೆಗೇ ಕಾದು ಕೂರಬೇಕಾಗುತ್ತದೆ. ಸ್ವಂತ ಡೇಟಾ ಸೆಂಟರ್ ಕಟ್ಟುವುದು ಮೂರನೆಯದು. ಜನರೇಟರು, ಬ್ಯಾಟರಿ, ಹವಾನಿಯಂತ್ರಣ, ಅಗ್ನಿಶಮನ ಇವೆಲ್ಲ ಸೇರಿ ಅದು ಸಣ್ಣ ಉದ್ಯಮದ ವ್ಯಾಪ್ತಿಗೆ ಹೊರತಾದ ವಿಷಯ. ನಡುವಿನದು ಕೊಲೊಕೇಶನ್, ಅಂದರೆ ಯಂತ್ರ ತನ್ನದು, ಅದನ್ನು ಇಡುವ ಜಾಗ, ವಿದ್ಯುತ್ತು ಮತ್ತು ತಂಪು ಮಾತ್ರ ಬೇರೊಬ್ಬರ ಡೇಟಾ ಸೆಂಟರಿನಿಂದ ಬಾಡಿಗೆಗೆ ಪಡೆದದ್ದು. ಸೇವೆಯನ್ನೇ ಮಾರುವವರಿಗೆ ಇದೇ ತಕ್ಕ ಮಾರ್ಗ, ಏಕೆಂದರೆ ಕೆಟ್ಟ ಯಂತ್ರದ ಮುಚ್ಚಳ ತೆರೆಯುವ ಹಕ್ಕು ತನ್ನ ಕೈಯಲ್ಲಿ ಇಲ್ಲದವನು ಗ್ರಾಹಕನಿಗೆ ಯಾವ ಭರವಸೆಯನ್ನೂ ಕೊಡಲಾರ.

ಇನ್ನು ಹಣದ ಲೆಕ್ಕ. ಯಂತ್ರದ ಬೆಲೆ 1,20,000 ರೂಪಾಯಿ, ತಿಂಗಳ ಬಾಡಿಗೆ 9,000, ಜಾಗ, ವಿದ್ಯುತ್ತು, ಬ್ಯಾಂಡ್‌ವಿಡ್ತ್ ಮತ್ತು ವಿಳಾಸಗಳ ಖರ್ಚು 4,000 ಎಂದು ಇಟ್ಟುಕೊಂಡರೆ, ತಿಂಗಳಿಗೆ ಉಳಿಯುವ 5,000 ರೂಪಾಯಿಯಿಂದ ಹಾಕಿದ ಹಣ ಮರಳಲು 24 ತಿಂಗಳು ಬೇಕು. ಅದೇ ಯಂತ್ರ ವರ್ಷದಲ್ಲಿ 3 ತಿಂಗಳು ಗ್ರಾಹಕನಿಲ್ಲದೆ ಖಾಲಿ ನಿಂತು, ಆ ತಿಂಗಳುಗಳಲ್ಲೂ ಜಾಗದ ಬಾಡಿಗೆಯೆಂದು 1,500 ರೂಪಾಯಿ ಕಟ್ಟಬೇಕಾದರೆ, ವರ್ಷದ ಉಳಿತಾಯ 60,000ದಿಂದ 40,500ಕ್ಕೆ ಇಳಿದು, ಹಣ ಮರಳುವ ಅವಧಿ ಸುಮಾರು 36 ತಿಂಗಳಿಗೆ ಏರುತ್ತದೆ. ಯಂತ್ರದ ಆಯುಸ್ಸು 5 ವರ್ಷ ಎಂದುಕೊಂಡರೆ ಲಾಭ ಕೊಡುವ ಕಾಲ 3 ವರ್ಷದಿಂದ 2 ವರ್ಷಕ್ಕೆ ಕುಗ್ಗಿತು. ಆದ್ದರಿಂದಲೇ ಈ ವ್ಯಾಪಾರದಲ್ಲಿ ಲಾಭವೆಲ್ಲ ಇರುವುದು ಯಂತ್ರ ತನ್ನ ಬೆಲೆಯನ್ನು ತೀರಿಸಿದ ನಂತರದ ವರ್ಷಗಳಲ್ಲಿ. ಹಳೆಯದಾದ ಕಾರಣಕ್ಕೆ ಯಂತ್ರವನ್ನು ಬೇಗ ತೆಗೆದುಹಾಕುವವರೂ, ಗ್ರಾಹಕ ಬರುವ ಮೊದಲೇ ಹತ್ತಾರು ಯಂತ್ರ ಕೊಂಡು ಕೂರುವವರೂ ಆ ವರ್ಷಗಳನ್ನೇ ಕಳೆದುಕೊಳ್ಳುತ್ತಾರೆ. ಹೆಟ್ಸ್ನರ್ ಸಂಸ್ಥೆ ಹಿಂದಿರುಗಿ ಬಂದ ಹಳೆಯ ಯಂತ್ರಗಳಿಗೆ ಒಂದು ವಿಶಿಷ್ಟವಾದ ಹರಾಜನ್ನು ನಡೆಸುತ್ತದೆ: ಅಲ್ಲಿ ಕೂಗು ಏರುವುದಿಲ್ಲ, ಯಾರಾದರೂ ಕೈ ಹಿಡಿಯುವ ತನಕ ತಿಂಗಳ ಬಾಡಿಗೆ ಇಳಿಯುತ್ತಾ ಹೋಗುತ್ತದೆ. ಖಾಲಿ ನಿಂತ ಯಂತ್ರಕ್ಕಿಂತ ಕಡಿಮೆ ಬಾಡಿಗೆಯ ಯಂತ್ರ ಮೇಲು ಎಂಬ ಲೆಕ್ಕಾಚಾರವನ್ನು ಅಷ್ಟು ದೊಡ್ಡ ಸಂಸ್ಥೆಯೂ ಬಿಟ್ಟಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಹೊಸಬರು ಎಡವುವುದು ಹೆಚ್ಚು, ಆದ್ದರಿಂದ ಅದನ್ನು ತುಸು ವಿವರವಾಗಿಯೇ ನೋಡಬೇಕು. ಸರ್ವರ್‌ಗಳನ್ನು ನಿಲ್ಲಿಸುವ ಕಬ್ಬಿಣದ ಚೌಕಟ್ಟಿಗೆ ರ‍್ಯಾಕ್ ಎನ್ನುತ್ತಾರೆ. ಅದರ ಎತ್ತರವನ್ನು ಯು ಎಂಬ ಅಳತೆಯಲ್ಲಿ ಹೇಳುವುದು ವಾಡಿಕೆ, ಒಂದು ಯು ಎಂದರೆ 44.45 ಮಿಲಿಮೀಟರ್, ಪೂರ್ಣ ರ‍್ಯಾಕ್‌ನ ಎತ್ತರ ಸಾಮಾನ್ಯವಾಗಿ 42 ಯು. ಹಾಗಾಗಿ ಒಂದು ಯು ಎತ್ತರದ 40 ಯಂತ್ರಗಳನ್ನು ತುಂಬಿಸಬಹುದು ಎಂದು ಲೆಕ್ಕ ಹಾಕುವವರಿದ್ದಾರೆ. ಆದರೆ ಮಿತಿ ಇರುವುದು ಜಾಗದಲ್ಲಿ ಅಲ್ಲ. ರ‍್ಯಾಕ್‌ಗೆ 32 ಆಂಪಿಯರ್‌ನ ಸಿಂಗಲ್ ಫೇಸ್ ಸಂಪರ್ಕ ಇದ್ದರೆ 230 ವೋಲ್ಟಿನಲ್ಲಿ ಅದು 7,360 ವೋಲ್ಟ್-ಆಂಪಿಯರ್. ಸುರಕ್ಷತೆಗಾಗಿ ಅದರ ಶೇ 80ನ್ನು ಮಾತ್ರ ಬಳಸುವುದು ರೂಢಿಯಾದ್ದರಿಂದ ಕೈಗೆ ಸಿಗುವುದು ಸುಮಾರು 5,900. ತಲಾ 250 ವಾಟ್ ಎಳೆಯುವ ಯಂತ್ರಗಳಾದರೆ 23ಕ್ಕೆ ಮಿತಿ ಮುಟ್ಟುತ್ತದೆ, ರ‍್ಯಾಕ್‌ನ ಹೆಚ್ಚುಕಡಿಮೆ ಅರ್ಧ ಭಾಗ ಖಾಲಿ ಉಳಿಯುತ್ತದೆ.

ಒಳ್ಳೆಯ ಡೇಟಾ ಸೆಂಟರ್ ಎ ಮತ್ತು ಬಿ ಎಂದು ಎರಡು ಪ್ರತ್ಯೇಕ ಮಾರ್ಗಗಳಿಂದ ವಿದ್ಯುತ್ ಕೊಡುತ್ತದೆ, ಒಳ್ಳೆಯ ಸರ್ವರಿನ ಬೆನ್ನಿನಲ್ಲಿ ಎರಡು ಪವರ್ ಸಪ್ಲೈಗಳಿದ್ದು ಒಂದೊಂದು ಮಾರ್ಗಕ್ಕೆ ಒಂದೊಂದು ಜೋಡಣೆಯಾಗಿರುತ್ತದೆ. ಎರಡೂ ಮಾರ್ಗ ಸರಿ ಇರುವಾಗ ಭಾರ ಸರಿಸುಮಾರು ಅರ್ಧರ್ಧ ಹಂಚಿಕೆಯಾಗುತ್ತದೆ. ಮೀಟರ್ ನೋಡಿದವನಿಗೆ ಪ್ರತಿ ಮಾರ್ಗದಲ್ಲೂ ಶೇ 60 ಭಾರ ಕಂಡು, ಇನ್ನೂ ಶೇ 20 ಬಾಕಿ ಇದೆಯೆಂದು ತೋರಿ, ಮತ್ತೆರಡು ಯಂತ್ರ ಸೇರಿಸುವ ಮನಸ್ಸಾಗುತ್ತದೆ. ಆದರೆ ಎ ಮಾರ್ಗ ಕಡಿದ ಕ್ಷಣ ಅದರ ಭಾರವೆಲ್ಲ ಬಿ ಮಾರ್ಗದ ಮೇಲೆ ಬಿದ್ದು ಶೇ 120 ಆಗುತ್ತದೆ, ಅಲ್ಲಿನ ಬ್ರೇಕರ್ ಕೆಳಗೆ ಬೀಳುತ್ತದೆ, ಎರಡು ಮಾರ್ಗಗಳಿಗೆ ಹಣ ತೆತ್ತ ರ‍್ಯಾಕ್ ಪೂರ್ತಿ ಕತ್ತಲಾಗುತ್ತದೆ. ಪ್ರತಿ ಮಾರ್ಗದ ಭಾರ ಶೇ 40 ದಾಟಕೂಡದು ಎಂಬ ನಿಯಮದ ಮೂಲ ಇದು. ಬಿಲ್ಲಿನ ಮಾತು ಹೇಳುವುದಾದರೆ, 250 ವಾಟ್‌ನ ಒಂದು ಯಂತ್ರ 30 ದಿನಗಳಲ್ಲಿ 180 ಯೂನಿಟ್ ಬಳಸುತ್ತದೆ. ತಂಪುಗೊಳಿಸುವಿಕೆ ಮೊದಲಾದ ಮೇಲ್ಖರ್ಚೂ ಸೇರಿದ ಒಟ್ಟು ವಿದ್ಯುತ್ತು ಯಂತ್ರಗಳ ಬಳಕೆಯ ಎಷ್ಟು ಪಟ್ಟು ಎಂಬ ಅನುಪಾತವನ್ನು ಪಿಯುಇ ಎಂದು ಕರೆಯುತ್ತಾರೆ, ಅದು 1.5 ಇರುವ ಕಟ್ಟಡದಲ್ಲಿ ಅದೇ ಯಂತ್ರದ ಲೆಕ್ಕ 270 ಯೂನಿಟ್ ಆಗುತ್ತದೆ.

ಯಂತ್ರದ ಆಯ್ಕೆಯಲ್ಲಿ ಪ್ರೊಸೆಸರಿನ ವೇಗಕ್ಕಿಂತ ಮುಖ್ಯವಾದ ಮೂರು ಅಂಶಗಳಿವೆ. ನೆನಪಿನಲ್ಲಿ ಉಂಟಾಗುವ ಸಣ್ಣ ದೋಷಗಳನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಬಗೆಯ ಮೆಮೊರಿ ಇರಬೇಕು. ವಿದ್ಯುತ್ ಹಠಾತ್ತನೆ ಹೋದಾಗ ಬರೆಯುತ್ತಿದ್ದ ಮಾಹಿತಿಯನ್ನು ಪೂರ್ಣಗೊಳಿಸುವಷ್ಟು ಶಕ್ತಿಯನ್ನು ಕಾಯ್ದಿಟ್ಟುಕೊಂಡ ಎಸ್‌ಎಸ್‌ಡಿ ಇರಬೇಕು. ಬಿಎಂಸಿ ಎಂಬ, ಮುಖ್ಯ ಯಂತ್ರ ಸ್ಥಗಿತಗೊಂಡಾಗಲೂ ಜೀವಂತವಾಗಿರುವ ಪುಟ್ಟ ನಿಯಂತ್ರಕ ಇರಬೇಕು. ಡೆಲ್ ಯಂತ್ರಗಳಲ್ಲಿ ಐಡ್ರಾಕ್ ಎಂದೂ ಎಚ್‌ಪಿ ಯಂತ್ರಗಳಲ್ಲಿ ಐಎಲ್‌ಒ ಎಂದೂ ಹೆಸರಾದ ಈ ನಿಯಂತ್ರಕದ ಮೂಲಕ ಮನೆಯಿಂದಲೇ ಯಂತ್ರವನ್ನು ಆರಿಸಿ ಹಚ್ಚಬಹುದು, ಹೊಸದಾಗಿ ಆಪರೇಟಿಂಗ್ ಸಿಸ್ಟಂ ಹಾಕಬಹುದು. ಆದ್ದರಿಂದಲೇ ಅದನ್ನು ಸಾರ್ವಜನಿಕ ಅಂತರ್ಜಾಲಕ್ಕೆ ತೆರೆದಿಡುವುದು ಬೀಗದ ಕೈಯನ್ನು ಬೀದಿಗೆ ಎಸೆದಷ್ಟೇ ಅಪಾಯ.

ಡಿಸ್ಕ್ ಬದಲಾಯಿಸುವ ಕೆಲಸ ನೋಡಲು ಅತಿ ಸಣ್ಣದು, ಆದರೆ ಶಿಸ್ತಿಲ್ಲದ ಸಂಸ್ಥೆ ಬಯಲಾಗುವುದು ಅಲ್ಲಿಯೇ. ಎರಡು ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿಯನ್ನು ಜೊತೆಜೊತೆಗೆ ಬರೆಯುವ ರೇಡ್-1 ಎಂಬ ವ್ಯವಸ್ಥೆಯಲ್ಲಿ ಒಂದು ಕೆಟ್ಟರೆ ಇನ್ನೊಂದರಿಂದ ಕೆಲಸ ಸಾಗುತ್ತದೆ. ಕೆಟ್ಟದ್ದನ್ನು ತೆಗೆಯಲು ಬಂದ ತಂತ್ರಜ್ಞನ ಎದುರಿಗಿರುವುದು ಒಂದೇ ತರಹದ ಎರಡು ಟ್ರೇಗಳು; ನಲವತ್ತು ಮಿಲಿಮೀಟರಿನ ಪುಟ್ಟ ಫ್ಯಾನುಗಳ ಕಿರುಚಾಟದಲ್ಲಿ ಫೋನಿನ ಮಾತು ಕೇಳಿಸುವುದಿಲ್ಲ, ಎಡದ್ದೋ ಬಲದ್ದೋ ಎಂಬ ಗೊಂದಲದಲ್ಲಿ ಸರಿ ಇದ್ದ ಡಿಸ್ಕನ್ನೇ ಎಳೆದುಬಿಟ್ಟರೆ ಗ್ರಾಹಕನ ತಾಣ ಆ ಕ್ಷಣವೇ ನಿಂತುಹೋಗುತ್ತದೆ. ಯಂತ್ರವನ್ನು ರ‍್ಯಾಕ್‌ಗೆ ಏರಿಸುವ ದಿನವೇ ಪ್ರತಿ ಟ್ರೇಯ ಮುಖದ ಮೇಲೆ ಡಿಸ್ಕಿನ ಕ್ರಮಸಂಖ್ಯೆಯ ಕೊನೆಯ ನಾಲ್ಕಕ್ಷರವನ್ನು ಚೀಟಿಯಲ್ಲಿ ಅಂಟಿಸುವುದು, ತೆಗೆಯುವ ಮೊದಲು ಆ ಟ್ರೇಯ ದೀಪ ಮಿನುಗುವಂತೆ ಆದೇಶ ಕೊಟ್ಟು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳುವುದು, ಇವೆರಡೇ ಅಭ್ಯಾಸಗಳು ಸಾಕು. ಬದಲಿ ಡಿಸ್ಕ್, ಮೆಮೊರಿ, ಪವರ್ ಸಪ್ಲೈಗಳನ್ನು ಡೇಟಾ ಸೆಂಟರಿನಲ್ಲಿಯೇ ಇಟ್ಟಿರಬೇಕು, ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗಗಳ ಅಂಗಡಿ ಬಾಗಿಲು ತೆರೆಯಲಿ ಎಂದು ಕಾಯುವ ಹೊತ್ತು ಗ್ರಾಹಕನ ಲೆಕ್ಕದಲ್ಲಿ ಬಹಳ ದೀರ್ಘ.

ಬ್ಯಾಂಡ್‌ವಿಡ್ತ್ ಅಂದರೆ ಮಾಹಿತಿ ಹರಿಯುವ ಪ್ರಮಾಣವನ್ನು ಸಗಟಾಗಿ ಕೊಳ್ಳುವಾಗ 95ನೆಯ ಪರ್ಸೆಂಟೈಲ್ ಎಂಬ ಪದ್ಧತಿ ಬಳಕೆಯಲ್ಲಿದೆ. ಪ್ರತಿ 5 ನಿಮಿಷಕ್ಕೊಮ್ಮೆ ಹರಿವನ್ನು ಅಳೆದರೆ 30 ದಿನಗಳಲ್ಲಿ 8,640 ಅಳತೆಗಳಾಗುತ್ತವೆ; ಅವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಮೇಲಿನ ಶೇ 5, ಅಂದರೆ 432 ಅಳತೆಗಳನ್ನು ಬಿಟ್ಟು, ಉಳಿದವುಗಳಲ್ಲಿ ಅತಿ ದೊಡ್ಡದಕ್ಕೆ ದರ ಕಟ್ಟುತ್ತಾರೆ. ಬಿಟ್ಟ ಅಳತೆಗಳ ಒಟ್ಟು ಅವಧಿ 36 ಗಂಟೆ. ಇದರ ಪರಿಣಾಮ ಕುತೂಹಲಕರವಾದದ್ದು: ಪ್ರತಿ ರಾತ್ರಿ ಒಂದು ಗಂಟೆ ನಡೆಯುವ ಭಾರಿ ಬ್ಯಾಕಪ್ ತಿಂಗಳಿಗೆ 30 ಗಂಟೆಯಾಗಿ ಬಿಲ್ಲಿನಿಂದ ಪೂರ್ತಿ ಹೊರಗುಳಿಯುತ್ತದೆ, ಅದೇ ಬ್ಯಾಕಪ್ ಎರಡು ಗಂಟೆಗೆ ಬೆಳೆದರೆ 60 ಗಂಟೆಯಾಗಿ ತಿಂಗಳ ಬಿಲ್ಲನ್ನೆಲ್ಲ ಅದೇ ನಿರ್ಧರಿಸುತ್ತದೆ. ಗ್ರಾಹಕನಿಗೆ ಮಾತ್ರ ಇಂತಿಷ್ಟು ಟೆರಾಬೈಟ್ ಎಂದು ಸರಳವಾಗಿ ಹೇಳುವುದು ಒಳಿತು; 100 ಎಂಬಿಪಿಎಸ್ ಸಂಪರ್ಕವನ್ನು ತಿಂಗಳಿಡೀ ತುಂಬಿ ಹರಿಸಿದರೂ ಸಾಗುವುದು ಸುಮಾರು 32 ಟೆರಾಬೈಟ್ ಎಂಬುದು ತಿಳಿದಿದ್ದರೆ ಅಳತೆಯಿಲ್ಲದ ಹರಿವು ಎಂಬ ಜಾಹೀರಾತಿನ ನಿಜವಾದ ಅರ್ಥವೂ ತಿಳಿಯುತ್ತದೆ.

ವಿದ್ಯುತ್ತಿಗಿಂತಲೂ ವಿರಳವಾಗಿರುವುದು ವಿಳಾಸ. ಪ್ರತಿ ಸರ್ವರನ್ನೂ ಜಗತ್ತಿಗೆ ಗುರುತಿಸಿಕೊಡುವ ಐಪಿ ವಿಳಾಸಗಳ ನಾಲ್ಕನೆಯ ಆವೃತ್ತಿಯಲ್ಲಿ ಒಟ್ಟು ಸುಮಾರು 429 ಕೋಟಿ ಸಂಖ್ಯೆಗಳಿದ್ದು, ಜಾಗತಿಕ ಭಂಡಾರದ ಕೊನೆಯ ಕಂತುಗಳು 2011ರ ಫೆಬ್ರುವರಿ 3ರಂದು ಹಂಚಿಕೆಯಾದವು. ಏಷ್ಯಾ-ಪೆಸಿಫಿಕ್ ಪ್ರದೇಶದ ಸಂಸ್ಥೆಯಾದ ಎಪ್ನಿಕ್ ಅದೇ ವರ್ಷದ ಏಪ್ರಿಲ್ 15ರಿಂದ ಪಡಿತರದ ರೀತಿಯಲ್ಲಿ ಮಾತ್ರ ಕೊಡುತ್ತಿದೆ. ಭಾರತದಲ್ಲಿ ನಿಕ್ಸಿ ಸಂಸ್ಥೆಯ ಅಂಗವಾದ ಐರಿನ್ ಮೂಲಕ ಸದಸ್ಯತ್ವ ಪಡೆದು ಸಣ್ಣ ಕಂತನ್ನು ಪಡೆಯಬಹುದು, ಇಲ್ಲವೇ ಮಾರುಕಟ್ಟೆಯಲ್ಲಿ ಕೊಳ್ಳಬೇಕು ಅಥವಾ ಬಾಡಿಗೆಗೆ ತರಬೇಕು. ಅಂತರ್ಜಾಲದ ದಾರಿಸೂಚಿಗಳು ಸಾಮಾನ್ಯವಾಗಿ 256 ವಿಳಾಸಗಳಿಗಿಂತ ಚಿಕ್ಕ ಕಂತನ್ನು ಮಾನ್ಯ ಮಾಡುವುದಿಲ್ಲವಾದ್ದರಿಂದ ಅದು ಕನಿಷ್ಠ ಪ್ರಮಾಣ. ಕೊಳ್ಳುವ ಮುನ್ನ ಆ ವಿಳಾಸಗಳ ಪೂರ್ವಚರಿತ್ರೆಯನ್ನು ನೋಡಲೇಬೇಕು. ಸ್ಪ್ಯಾಂಹೌಸ್ ಮೊದಲಾದ ಸಂಸ್ಥೆಗಳು ಕಾಟದ ಮಿಂಚಂಚೆ ಕಳುಹಿಸಿದ ವಿಳಾಸಗಳ ಕಪ್ಪುಪಟ್ಟಿಯನ್ನು ಇಟ್ಟಿರುತ್ತವೆ. ಹಿಂದಿನ ಬಾಡಿಗೆದಾರ ಮಾಡಿದ ತಪ್ಪಿಗೆ ಇಂದಿನ ಬಾಡಿಗೆದಾರನಾದ ಆಸ್ಪತ್ರೆಯ ಮಿಂಚಂಚೆ ರೋಗಿಗಳಿಗೆ ತಲುಪದಂತಾಗುತ್ತದೆ. ಒಬ್ಬ ದುಷ್ಟ ಗ್ರಾಹಕನಿಂದಾಗಿ 256 ವಿಳಾಸಗಳ ಕಂತು ಪೂರ್ತಿ ಪಟ್ಟಿಗೆ ಸೇರಿದರೆ ಉಳಿದ ಸಜ್ಜನ ಗ್ರಾಹಕರೆಲ್ಲ ಶಿಕ್ಷೆ ಅನುಭವಿಸುತ್ತಾರೆ. ಹೊಸ ಗ್ರಾಹಕನಿಗೆ ಅಂಚೆ ಹೊರಹೋಗುವ 25ನೆಯ ಪೋರ್ಟನ್ನು ಮುಚ್ಚಿಟ್ಟು, ಕೇಳಿ ತಿಳಿದ ಮೇಲೆ ತೆರೆಯುವುದು ಈ ಕಾರಣಕ್ಕಾಗಿಯೇ ರೂಢಿಗೆ ಬಂದಿದೆ.

ದಾಳಿಯ ವಿಷಯವೂ ಇದಕ್ಕೆ ಹತ್ತಿರದ್ದು. ಸಾವಿರಾರು ಕಡೆಯಿಂದ ಏಕಕಾಲಕ್ಕೆ ಹುಸಿ ಬೇಡಿಕೆಗಳನ್ನು ಹರಿಸಿ ಸರ್ವರನ್ನು ಉಸಿರುಗಟ್ಟಿಸುವುದನ್ನು ಡಿಡಾಸ್ ಎನ್ನುತ್ತಾರೆ. 2016ರ ಸೆಪ್ಟೆಂಬರಿನಲ್ಲಿ ಓವಿಎಚ್ ಮೇಲೆ ನಡೆದ ದಾಳಿಯಲ್ಲಿ ಸುಮಾರು 1.45 ಲಕ್ಷ ಕ್ಯಾಮೆರಾ ಮತ್ತು ವಿಡಿಯೊ ರೆಕಾರ್ಡರುಗಳು ಬಳಕೆಯಾಗಿದ್ದವು ಎಂದು ಕ್ಲಾಬಾ ಸ್ವತಃ ತಿಳಿಸಿದ್ದ. ಒಂದೆರಡು ಗಿಗಾಬಿಟ್ ಸಂಪರ್ಕದ ಸಣ್ಣ ಸಂಸ್ಥೆ ಇದರ ಅಲ್ಪಾಂಶವನ್ನೂ ತಡೆಯಲಾರದು. ಅದು ಮಾಡಬಹುದಾದದ್ದು, ದಾಳಿಗೆ ಗುರಿಯಾದ ವಿಳಾಸಕ್ಕೆ ಬರುವ ಹರಿವನ್ನೆಲ್ಲ ಮೇಲಿನ ಸಂಪರ್ಕದಾರನ ಹಂತದಲ್ಲಿಯೇ ಚೆಲ್ಲಿಬಿಡುವ ಬ್ಲ್ಯಾಕ್‌ಹೋಲ್ ಎಂಬ ಕ್ರಮ. ಇದರಿಂದ ಒಬ್ಬ ಗ್ರಾಹಕ ಮುಳುಗಿ ಉಳಿದವರು ಬದುಕುತ್ತಾರೆ. ಇಂಥ ಕ್ರಮ ಕೈಗೊಳ್ಳಲಾಗುವುದು ಎಂದು ಕರಾರಿನಲ್ಲಿ ಮೊದಲೇ ಬರೆದಿರಬೇಕು, ದಾಳಿಯ ಹೊತ್ತಿನಲ್ಲಿ ವಿವರಣೆ ಕೊಡುತ್ತಾ ಕೂರಲು ಆಗುವುದಿಲ್ಲ. ಆನ್‌ಲೈನ್ ಆಟಗಳ ಸರ್ವರ್‌ಗಳು ಈ ದಾಳಿಗೆ ಹೆಚ್ಚಾಗಿ ತುತ್ತಾಗುವುದರಿಂದ ಅವುಗಳನ್ನು ನಡೆಸುವ ಗ್ರಾಹಕರನ್ನು ಆರಂಭದ ವರ್ಷಗಳಲ್ಲಿ ಸೇರಿಸಿಕೊಳ್ಳದಿರುವುದು ವಿವೇಕ.

ಕಾನೂನಿನ ಕಣ್ಣಿನಲ್ಲಿ ಸರ್ವರ್ ಬಾಡಿಗೆಗೆ ಕೊಡುವವನು ಮಧ್ಯವರ್ತಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವೆಬ್ ಹೋಸ್ಟಿಂಗ್ ಸೇವೆಯನ್ನು ಮಧ್ಯವರ್ತಿಯ ವ್ಯಾಖ್ಯೆಯಲ್ಲಿಯೇ ಹೆಸರಿಸಿದ್ದು, ಗ್ರಾಹಕ ಹಾಕಿದ ವಿಷಯಕ್ಕೆ ಮಧ್ಯವರ್ತಿಯನ್ನು ಹೊಣೆಯಾಗಿಸದಂತೆ 79ನೆಯ ಕಲಮು ರಕ್ಷಣೆ ಕೊಡುತ್ತದೆ. ಕೋರ್ಟಿನ ಅಥವಾ ಸರ್ಕಾರದ ಆದೇಶ ಬಂದ ಮೇಲೂ ಸುಮ್ಮನಿದ್ದರೆ ಆ ರಕ್ಷಣೆ ತಪ್ಪುತ್ತದೆ ಎಂಬ ಸ್ಪಷ್ಟನೆ 2015ರಲ್ಲಿ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು. ಇದಕ್ಕಿಂತ ದಿನನಿತ್ಯದ ಕೆಲಸಕ್ಕೆ ಹೆಚ್ಚು ತಾಗುವುದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ. ಡೇಟಾ ಸೆಂಟರ್, ವಿಪಿಎಸ್ ಮತ್ತು ಕ್ಲೌಡ್ ಸೇವೆ ಕೊಡುವವರು ಗ್ರಾಹಕನ ಪರಿಶೀಲಿಸಿದ ಹೆಸರು, ವಿಳಾಸ, ದೂರವಾಣಿ, ಸೇವೆ ಪಡೆಯುವ ಉದ್ದೇಶ, ಕೊಟ್ಟ ಐಪಿ ವಿಳಾಸಗಳು ಇವನ್ನೆಲ್ಲ ಸೇವೆ ಮುಗಿದ ಮೇಲೂ 5 ವರ್ಷ ಇಟ್ಟಿರಬೇಕು; ಯಂತ್ರವ್ಯವಸ್ಥೆಯ ದಾಖಲೆಗಳಾದ ಲಾಗ್‌ಗಳನ್ನು 180 ದಿನ ಉಳಿಸಬೇಕು; ಸೈಬರ್ ಅವಘಡ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಈ ನಿಯಮಗಳನ್ನು ಕಾಟವೆಂದು ಬಗೆಯುವವರು ಹಲವರಿದ್ದರೂ, ಗ್ರಾಹಕನ ಗುರುತನ್ನು ಕೇಳುವ ಪದ್ಧತಿ ಸಣ್ಣ ಸಂಸ್ಥೆಗೆ ಒಂದು ರಕ್ಷಣೆಯೇ ಹೌದು: ಕದ್ದ ಕಾರ್ಡಿನಿಂದ ಹಣ ಕಟ್ಟಿ ಎರಡು ದಿನ ಸ್ಪ್ಯಾಂ ಕಳುಹಿಸಿ ಮಾಯವಾಗುವವರು ದಾಖಲೆ ಕೇಳಿದ ಕೂಡಲೇ ಬೇರೆ ಬಾಗಿಲು ನೋಡಿಕೊಳ್ಳುತ್ತಾರೆ.

ವಸೂಲಿಯಲ್ಲಿ ಗಟ್ಟಿತನ ಬೇಕು. ಈ ಸೇವೆಗೆ ಶೇ 18ರ ಜಿಎಸ್‌ಟಿ ಇದ್ದು, ಬಿಲ್ಲು ಹೊರಡಿಸಿದ ತಿಂಗಳ ತೆರಿಗೆಯನ್ನು ಗ್ರಾಹಕ ಹಣ ಕೊಟ್ಟಿರಲಿ ಬಿಡಲಿ ಸರ್ಕಾರಕ್ಕೆ ಕಟ್ಟಬೇಕಾಗುವುದರಿಂದ, ತಡವಾಗಿ ಕೊಡುವ ಗ್ರಾಹಕ ಬಾಡಿಗೆಯನ್ನು ಉಳಿಸಿಕೊಂಡದ್ದಲ್ಲದೆ ಸಂಸ್ಥೆಯ ಕೈಯಿಂದ ತೆರಿಗೆಯನ್ನೂ ಕಟ್ಟಿಸಿರುತ್ತಾನೆ. ಮುಂಗಡ ಬಾಡಿಗೆ ಎಂಬ ಪದ್ಧತಿಯನ್ನು ಯಾರ ದಾಕ್ಷಿಣ್ಯಕ್ಕೂ ಸಡಿಲಿಸಬಾರದು. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವ ಏರ್ಪಾಡಿಗೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರಿನಿಂದ ನಿರ್ಬಂಧ ತಂದಿದ್ದು, ಹೆಚ್ಚುವರಿ ದೃಢೀಕರಣವಿಲ್ಲದೆ ಕಡಿತಗೊಳಿಸಬಹುದಾದ ಮಿತಿಯನ್ನು 2022ರ ಜೂನ್‌ನಲ್ಲಿ 5,000ದಿಂದ 15,000 ರೂಪಾಯಿಗೆ ಏರಿಸಿತು. ಬಾಡಿಗೆಯ ದರ ಗೊತ್ತುಮಾಡುವಾಗ ಈ ಗೆರೆಯನ್ನು ನೆನಪಿನಲ್ಲಿಡುವುದು ಉಪಯುಕ್ತ.

ಗ್ರಾಹಕನಿಗೆ ಕೊಡುವ ವಾಗ್ದಾನದಲ್ಲಿ ಅತಿ ಎಚ್ಚರ ಬೇಕಾದದ್ದು ಬ್ಯಾಕಪ್ ಕುರಿತ ಮಾತು. 2008ರ ಮೇ 31ರಂದು ಅಮೆರಿಕದ ಹ್ಯೂಸ್ಟನ್ನಿನಲ್ಲಿ ದಿ ಪ್ಲಾನೆಟ್ ಸಂಸ್ಥೆಯ ಡೇಟಾ ಸೆಂಟರಿನ ವಿದ್ಯುತ್ ಕೊಠಡಿ ಸ್ಫೋಟಗೊಂಡು ಸುಮಾರು 9,000 ಸರ್ವರ್‌ಗಳು ಸ್ತಬ್ಧವಾದವು. ಯಂತ್ರಗಳು ಸುರಕ್ಷಿತವಾಗಿದ್ದರೂ ಅಗ್ನಿಶಾಮಕ ದಳ ಜನರೇಟರ್ ಹಚ್ಚಲು ಬಿಡಲಿಲ್ಲ. 2021ರ ಮಾರ್ಚ್ 10ರ ಬೆಳಗಿನ ಜಾವ ಸ್ಟ್ರಾಸ್‌ಬರ್ಗಿನ ಓವಿಎಚ್ ಕಟ್ಟಡವೊಂದು ಪೂರ್ತಿ ಸುಟ್ಟು, ಪಕ್ಕದ ಇನ್ನೊಂದರ ಒಂದು ಭಾಗ ಬೆಂಕಿಗೆ ಆಹುತಿಯಾದಾಗ, ಬೇರೆಡೆ ಪ್ರತಿ ಇಟ್ಟುಕೊಳ್ಳದ ಗ್ರಾಹಕರು ತಮ್ಮದೆಲ್ಲವನ್ನೂ ಕಳೆದುಕೊಂಡರು. ರೇಡ್ ಬ್ಯಾಕಪ್ ಅಲ್ಲ, ಅದೇ ಕಟ್ಟಡದ ಇನ್ನೊಂದು ಯಂತ್ರದಲ್ಲಿರುವ ಪ್ರತಿಯೂ ಬ್ಯಾಕಪ್ ಅಲ್ಲ ಎಂಬುದನ್ನು ಕರಾರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಯುವುದರ ಜೊತೆಗೆ, ಗ್ರಾಹಕನಿಗೆ ಅವನ ಭಾಷೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಶಿರಸಿಯ ಸಹಕಾರಿ ಸಂಘದ ಕಾರ್ಯದರ್ಶಿಗೆ ಇದನ್ನು ಕನ್ನಡದಲ್ಲಿ ವಿವರಿಸಿ, ಚೆನ್ನೈ ಅಥವಾ ಮುಂಬೈನ ಬೇರೊಂದು ಕಟ್ಟಡದಲ್ಲಿ ಪ್ರತಿ ಇಡುವ ಏರ್ಪಾಡನ್ನು ಸಣ್ಣ ಶುಲ್ಕಕ್ಕೆ ಮಾಡಿಕೊಡುವ ಸಂಸ್ಥೆ ಕೊಡುವುದನ್ನು ಸಾವಿರಾರು ಮೈಲಿ ದೂರದ ದೊಡ್ಡ ಸಂಸ್ಥೆ ಕೊಡಲಾರದು. ಶೇ 99.9 ಹೊತ್ತು ಯಂತ್ರ ಚಾಲೂ ಇರುತ್ತದೆ ಎಂಬ ಭರವಸೆಯೂ ಹಾಗೆಯೇ: 30 ದಿನಗಳಲ್ಲಿ ಅದು 43 ನಿಮಿಷದ ಸ್ಥಗಿತಕ್ಕೆ ಮಾತ್ರ ಅವಕಾಶ ಕೊಡುತ್ತದೆ, ಡೇಟಾ ಸೆಂಟರಿಗೆ ಕಾರಿನಲ್ಲಿ ತಲುಪಲು ಬೆಂಗಳೂರಿನ ಸಂಜೆಯ ದಟ್ಟಣೆಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು. ಸ್ಥಳದಲ್ಲಿಯೇ ಇರುವ ಸಿಬ್ಬಂದಿಯಿಂದ ಕೆಲಸ ಮಾಡಿಸುವ ರಿಮೋಟ್ ಹ್ಯಾಂಡ್ಸ್ ಸೇವೆಯನ್ನು ಕೊಲೊಕೇಶನ್ ಕರಾರಿನಲ್ಲಿ ಸೇರಿಸಿಕೊಳ್ಳಬೇಕಾದ ಕಾರಣ ಇದು. ರಾತ್ರಿಯ ಪಾಳಿಯನ್ನು ಒಬ್ಬನೇ ಹೊತ್ತುಕೊಂಡು ಹೊರಟವರು ವರ್ಷ ತುಂಬುವುದರೊಳಗೆ ದಣಿಯುತ್ತಾರೆ; ಪರಸ್ಪರ ನಂಬಿಕೆಯ ಇಬ್ಬರಾದರೂ ಇಲ್ಲದೆ ಈ ಉದ್ಯಮವನ್ನು ಆರಂಭಿಸಬಾರದು.

ಗ್ರಾಹಕ ಬಿಟ್ಟುಹೋದ ಯಂತ್ರವನ್ನು ಇನ್ನೊಬ್ಬನಿಗೆ ಕೊಡುವ ಮೊದಲಿನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಆದ್ದರಿಂದಲೇ ಬಹಳ ಕಡೆ ಅದು ಅರೆಬರೆಯಾಗಿ ಮುಗಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಕಣ್ಣಿಗೆ ಕಾಣದ ಹೆಚ್ಚುವರಿ ಕೋಶಗಳಿರುವುದರಿಂದ ಮೇಲೆ ಮೇಲೆ ಬರೆದು ಅಳಿಸಿದರೆ ಸಾಲದು. ಡಿಸ್ಕಿನ ತಯಾರಕರೇ ಒದಗಿಸಿರುವ ಅಳಿಸುವ ಆದೇಶವನ್ನು ಬಳಸಬೇಕೆಂಬುದು ಅಮೆರಿಕದ ನಿಸ್ಟ್ ಸಂಸ್ಥೆಯ 800-88 ಎಂಬ ಮಾರ್ಗಸೂಚಿಯಲ್ಲಿಯೂ ಕಾಣುವ ಕ್ರಮ. ಡಿಸ್ಕ್ ಶುದ್ಧವಾದರೂ ಕೆಲಸ ಮುಗಿಯಲಿಲ್ಲ ಎಂಬುದನ್ನು ಎಕ್ಲಿಪ್ಸಿಯಂ ಎಂಬ ಸುರಕ್ಷಾ ಸಂಸ್ಥೆ 2019ರಲ್ಲಿ ತೋರಿಸಿಕೊಟ್ಟಿತು: ಅದರ ಸಂಶೋಧಕರು ಐಬಿಎಂನ ಸಾಫ್ಟ್‌ಲೇಯರ್ ಸೇವೆಯಲ್ಲಿ ಒಂದು ಇಡೀ ಯಂತ್ರವನ್ನು ಬಾಡಿಗೆಗೆ ಪಡೆದು, ಬಿಎಂಸಿಯ ಒಳಗಿನ ತಂತ್ರಾಂಶದಲ್ಲಿ ಅಪಾಯವಿಲ್ಲದ ಒಂದು ಸಣ್ಣ ಬದಲಾವಣೆ ಮಾಡಿ ಹಿಂದಿರುಗಿಸಿ, ಅದೇ ಯಂತ್ರವನ್ನು ಮತ್ತೆ ಪಡೆದಾಗ ಆ ಬದಲಾವಣೆ ಹಾಗೆಯೇ ಉಳಿದಿತ್ತು. ಹಿಂದಿನ ಬಾಡಿಗೆದಾರ ಕೆಟ್ಟ ಉದ್ದೇಶದವನಾಗಿದ್ದರೆ ಮುಂದಿನವನ ಯಂತ್ರದೊಳಗೆ ಅವನು ಇನ್ನೂ ಇದ್ದಂತೆಯೇ. ಹಾಗಾಗಿ ಪ್ರತಿ ಸಲವೂ ಬಿಎಂಸಿಯ ತಂತ್ರಾಂಶವನ್ನು ತಯಾರಕರ ಮೂಲ ಪ್ರತಿಯಿಂದ ಪುನಃ ಬರೆದು, ಗುಪ್ತಪದ ಬದಲಾಯಿಸಿ, ಅದರ ಹಳೆಯ ಬಳಕೆದಾರರನ್ನೆಲ್ಲ ತೆಗೆದು, ವಿಳಾಸಗಳನ್ನು ಕಪ್ಪುಪಟ್ಟಿಗಳಲ್ಲಿ ಮತ್ತೊಮ್ಮೆ ನೋಡಿ, ಒಂದು ದಿನ ಪೂರ್ತಿ ಮೆಮೊರಿ ಮತ್ತು ಡಿಸ್ಕಿನ ಪರೀಕ್ಷೆ ನಡೆಸಿದ ನಂತರವೇ ಯಂತ್ರ ಬಾಡಿಗೆಯ ಪಟ್ಟಿಗೆ ಮರಳಬೇಕು. ಆ ಒಂದು ದಿನದ ಬಾಡಿಗೆಯನ್ನು ಬಿಟ್ಟುಕೊಡಲು ಸಿದ್ಧವಿರುವಂತೆ ದರವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.